ಕೆರೆ ಊರಿನದು, ಕೊಟ್ಟಿಗೆ ನಮ್ಮದು: ಖರ್ಚು ಯಾರು ಹೊರಬೇಕು?

ಪ್ರಶ್ನೆ: ನನ್ನ ತವರು ಅಫಜಲಪುರ ತಾಲ್ಲೂಕು, ಭೀಮಾ ದಂಡೆಯ ಊರು. ಗಂಡನ ಮನೆಯವರು ಅಕ್ಕಲಕೋಟ ಕಡೆಯ ಕನ್ನಡದವರು. ಮಾವನವರು ಕೆಲಸ ಹುಡುಕಿಕೊಂಡು ಪುಣೆಗೆ ಬಂದವರು, ಕಾತ್ರಜದ ಕೆರೆಯ ಮೇಲ್ಗಡೆ ಹಳ್ಳಿಯೊಂದರಲ್ಲಿ ಎರಡು ಎಕರೆ ಹೊಲ ಮಾಡಿದ್ದರು. ಅದೇ ಈಗ ನಮ್ಮ ಜೀವನ. ಮೆಂತೆ, ಕೊತ್ತಂಬರಿ, ಪಾಲಕ್ ಬೆಳೆಯುತ್ತೇವೆ. ಆರು ಎಮ್ಮೆ ಇವೆ, ಹಾಲು ಮನೆಮನೆಗೆ ಕೊಡುತ್ತೇವೆ. ಕೊಟ್ಟಿಗೆ ತೊಳೆದ ನೀರು ಹೊಲದ ಅಂಚಿನ ಹಳ್ಳಕ್ಕೆ ಹೋಗುತ್ತದೆ, ಹಳ್ಳ ಕೆರೆಗೆ ಹೋಗುತ್ತದೆ. ಮೊದಲು ಯಾರೂ ಕೇಳುತ್ತಿರಲಿಲ್ಲ. ಈಗ ಸುತ್ತ ಅಪಾರ್ಟ್‌ಮೆಂಟ್ ಎದ್ದಿವೆ. ಕೆರೆಯಲ್ಲಿ ಜಲಪರ್ಣಿ ಕಳೆ ಬೆಳೆದು ವಾಸನೆ ಬರುವುದಕ್ಕೆ ನಿಮ್ಮ ಎಮ್ಮೆಗಳೇ ಕಾರಣ ಎಂದು ಸೊಸೈಟಿಯವರು ಬಂದು ಜಗಳ ಮಾಡಿದರು, ಪಾಲಿಕೆಗೆ ದೂರು ಕೊಡುತ್ತೇವೆ ಅಂದರು. ಗೋಬರ್ ಗ್ಯಾಸ್, ಸಿಮೆಂಟ್ ತೊಟ್ಟಿ, ಡ್ರಿಪ್ ಎಲ್ಲ ಮಾಡಿಸಿ ಎಂದು ಬುದ್ಧಿ ಹೇಳುವವರು ಬಹಳ. ನನ್ನ ಯಜಮಾನರು, 'ಊರ ಕೆರಿಗೆ ನಾವ್ಯಾಕ ರೊಕ್ಕ ಸುರಿಯೂಣು?' ಅಂತಾರೆ. ಮಗ ಎಮ್ಮೆ ಮಾರಿಬಿಡೋಣ ಅಂತಾನೆ. ಒಬ್ಬ ಏಜೆಂಟ್ ಬಂದು, ಐದು ಸಾವಿರ ಮುಂಗಡ ಕೊಟ್ಟರೆ ಸಬ್ಸಿಡಿ ಪೂರ್ತಿ ಮಾಡಿಸಿಕೊಡುತ್ತೇನೆ ಅಂದಿದ್ದಾನೆ. ನನ್ನ ಪಾಟಲಿ ಅಡವಿಟ್ಟು ಮಾಡಿಸಿಬಿಡಲೇ ಎಂದು ಯೋಚನೆ. ಮಿರಗದ ಮಳೆ ಹತ್ತಿರ ಬಂತು. ಏನು ಮಾಡಲಿ?
(ಹೆಸರು ಬೇಡ, ಕಾತ್ರಜ, ಪುಣೆ)

ಉತ್ತರ: ಅಕ್ಕಾವರೇ, ಮೊದಲು ಪಾಟಲಿಯ ಮಾತು ಮುಗಿಸೋಣ. ಅಡವಿಡಬೇಡಿ. ಏಜೆಂಟನಿಗೆ ಐದು ರೂಪಾಯಿಯನ್ನೂ ಕೊಡಬೇಡಿ. ಕೃಷಿ ಸಬ್ಸಿಡಿ ಅರ್ಜಿದಾರರ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಅರ್ಜಿ ಹಾಕಲು ಸೇವಾ ಕೇಂದ್ರದವರು ಪಡೆಯುವ ಚಿಕ್ಕ ಶುಲ್ಕ ಬಿಟ್ಟರೆ ನಡುವೆ ಯಾರಿಗೂ ಕೊಡಬೇಕಾದ್ದಿಲ್ಲ. 'ಪೂರ್ತಿ ಮಾಡಿಸಿಕೊಡುತ್ತೇನೆ' ಎನ್ನುವವನು, ನೂರಕ್ಕೆ ನೂರು ಸಬ್ಸಿಡಿ ಕೊಡುವ ಯೋಜನೆಯ ಹೆಸರೇನು, ಸರ್ಕಾರಿ ಆದೇಶ ಯಾವುದು ಎಂದು ಕಾಗದದ ಮೇಲೆ ಬರೆದುಕೊಡಲಿ. ಬರೆದುಕೊಡುವುದಿಲ್ಲ, ನೋಡಿ.

ಇನ್ನು ನಿಮ್ಮ ಯಜಮಾನರ ಮಾತು. ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕಬೇಡಿ. ಅವರು ಕೇಳಿದ್ದು ನ್ಯಾಯದ ಪ್ರಶ್ನೆ, ಜಗತ್ತಿನ ದೊಡ್ಡ ದೊಡ್ಡ ನಗರಗಳು ಎದುರಿಸಿದ ಪ್ರಶ್ನೆ. ಕೆರೆ ಶುದ್ಧವಾದರೆ ಲಾಭ ಕೆಳಗಿನವರಿಗೆ, ಅದಕ್ಕಾಗಿ ಕೈಯಿಂದ ಹಣ ಬಿಡಬೇಕಾದವರು ಮೇಲಿನವರು. ಈ ಲೆಕ್ಕ ಒಬ್ಬ ಸಣ್ಣ ರೈತನ ಮನೆಯೊಳಗೆ ಹೊಂದುವುದಿಲ್ಲ. ಹೊಂದದ ಲೆಕ್ಕವನ್ನು ನೀವು ಗಂಡ ಹೆಂಡತಿ ನಿಮ್ಮಿಬ್ಬರ ನಡುವೆ ಎಳೆದಾಡುತ್ತಿದ್ದೀರಿ. ಅದಕ್ಕೇ ಮನೆಯಲ್ಲಿ ಜಗಳ.

ಹಳ್ಳಕ್ಕೆ ಏನು ಹೋಗುತ್ತಿದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆಳಗ್ಗೆ ಹಾಲು ಕರೆದಾದ ಮೇಲೆ ಪೈಪು ಹಿಡಿದು ಕೊಟ್ಟಿಗೆ ತೊಳೆಯುತ್ತೀರಲ್ಲ, ಆಗ ಗೊಂತಿನ ಕೆಳಗಿನ ಸಗಣಿ ಕರಗಿ, ಗಂಜಲದೊಡನೆ ಬೆರೆತು, ಹಸಿರು ನೀರಾಗಿ ಇಳಿಜಾರಿನಲ್ಲಿ ಹರಿಯುತ್ತದೆ. ಆ ನೀರಿನಲ್ಲಿರುವುದು ವಿಷವಲ್ಲ, ಗೊಬ್ಬರ. ಸಾರಜನಕ, ರಂಜಕ, ಪೊಟ್ಯಾಶ್. ಎಮ್ಮೆಯ ಮೈಯಿಂದ ಹೊರಬರುವ ಸಾರಜನಕದಲ್ಲಿ ಸುಮಾರು ಅರ್ಧ ಗಂಜಲದಲ್ಲೇ ಇರುತ್ತದೆ, ರಂಜಕ ಬಹುಪಾಲು ಸಗಣಿಯಲ್ಲಿ. ಹೊಲಕ್ಕೆ ಬಿದ್ದರೆ ಮೆಂತೆ ಬೆಳೆಸುವ ಈ ಪದಾರ್ಥವೇ ನಿಂತ ನೀರಿಗೆ ಬಿದ್ದರೆ ಪಾಚಿಯನ್ನೂ ಜಲಪರ್ಣಿಯನ್ನೂ ಬೆಳೆಸುತ್ತದೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತವೆ. ಮೀನು ಸಾಯುತ್ತದೆ, ನಾತ ಏಳುತ್ತದೆ.

ಹೊಲದಿಂದ ಹೋಗುವುದೂ ಇದೆ. ಸೊಪ್ಪಿನ ಬೆಳೆಗೆ ಬೇರು ಮೇಲ್ಮಟ್ಟದಲ್ಲಿರುತ್ತದೆ, ಬೆಳೆ ತಿಂಗಳು ಒಂದೂವರೆ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ, ಎಲೆ ಕಪ್ಪಗೆ ಕಾಣಲೆಂದು ಯೂರಿಯಾ ಎರಚುವುದು ವಾಡಿಕೆ. ಎರಚಿದ ಯೂರಿಯಾದಲ್ಲಿ ಗಿಡಕ್ಕೆ ದಕ್ಕುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದೊಳಗೆ. ಉಳಿದದ್ದು ಗಾಳಿಗೆ ಏರುತ್ತದೆ, ಇಲ್ಲವೇ ನೀರಿನೊಡನೆ ಇಳಿಯುತ್ತದೆ. ರಂಜಕದ ದಾರಿ ಬೇರೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ, ಮಣ್ಣು ಕೊಚ್ಚಿಹೋದಾಗ ಅದರ ಸಂಗಡ ಹೋಗುತ್ತದೆ. ಕಾತ್ರಜ ಘಾಟಿನ ಬುಡದ ಇಳಿಜಾರು ಹೊಲಗಳಲ್ಲಿ ಜೂನ್ ಜುಲೈನ ಎರಡು ದೊಡ್ಡ ಮಳೆ ಸಾಕು.

ಸೊಸೈಟಿಯವರ ಮಾತಿಗೆ ಬರೋಣ. ಆರು ಎಮ್ಮೆಯ ಕೊಟ್ಟಿಗೆಯನ್ನೂ ನೂರಾರು ಫ್ಲ್ಯಾಟುಗಳ ಮಲಿನ ನೀರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಪುಣೆಯ ನದಿ ಹಳ್ಳಗಳು ಕೆಟ್ಟಿರುವುದು ಮುಖ್ಯವಾಗಿ ನಗರದ ಒಳಚರಂಡಿಯಿಂದ. ಇದು ಪಾಲಿಕೆಯೇ ಒಪ್ಪಿರುವ ಸಂಗತಿ. ಮುಳಾ ಮುಠಾ ನದಿಗಳ ಮಾಲಿನ್ಯ ತಡೆಗೆ ಜಪಾನಿನ ಜೈಕಾ ಸಂಸ್ಥೆಯ ಸಾಲದೊಂದಿಗೆ 990 ಕೋಟಿ ರೂಪಾಯಿಯ ಯೋಜನೆ ಮಂಜೂರಾಗಿತ್ತು, 2016ರ ಜನವರಿಯಲ್ಲಿ ಸಾಲದ ಒಪ್ಪಂದಕ್ಕೆ ಸಹಿಯಾಯಿತು. ಅದರಲ್ಲಿರುವುದು ದಿನಕ್ಕೆ 396 ದಶಲಕ್ಷ ಲೀಟರ್ ಒಳಚರಂಡಿ ನೀರು ಶುದ್ಧೀಕರಿಸುವ 11 ಘಟಕಗಳ ಲೆಕ್ಕ. ಎಮ್ಮೆಯ ಹೆಸರು ಅದರಲ್ಲಿಲ್ಲ. ನಿಮ್ಮ ಸುತ್ತಲಿನ ಹಳ್ಳಿಗಳು ಸೇರಿದಂತೆ 23 ಹಳ್ಳಿಗಳು 2021ರಲ್ಲಿ ಪಾಲಿಕೆಗೆ ಸೇರಿದವು. ಮನೆಗಳು ಮೊದಲು ಬಂದವು, ಒಳಚರಂಡಿ ಪೈಪು ಆಮೇಲೆ. ಸೊಸೈಟಿಯವರು ಮತ್ತೆ ಬಂದರೆ ಮೆತ್ತಗೆ ಒಂದು ಪ್ರಶ್ನೆ ಕೇಳಿ: 'ನಿಮ್ಮ ಕಟ್ಟಡದ ನೀರು ಎಲ್ಲಿಗೆ ಹೋಗುತ್ತದೆ, ಅಣ್ಣಾ?' ಜಗಳಕ್ಕಲ್ಲ. ಇಬ್ಬರ ನೀರೂ ಒಂದೇ ಹಳ್ಳಕ್ಕೆ ಹೋಗುತ್ತಿದ್ದರೆ ಇಬ್ಬರೂ ಒಟ್ಟಿಗೆ ಪಾಲಿಕೆಗೆ ಹೋಗುವುದು ಮೇಲು. ಆ ಮಾತು ಕೊನೆಗೆ ಬೇಕಾಗುತ್ತದೆ, ನೆನಪಿಡಿ.

ಆದರೆ ಅಕ್ಕಾ, ನಮ್ಮ ಪಾಲು ಚಿಕ್ಕದು ಎಂದಮಾತ್ರಕ್ಕೆ ಅದು ನಮ್ಮದಲ್ಲ ಎಂದಾಗದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಡೈರಿಗಳಿಗೂ ಗೋಶಾಲೆಗಳಿಗೂ 2020ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸಗಣಿ, ಕೊಟ್ಟಿಗೆ ತೊಳೆದ ನೀರು ಚರಂಡಿಗಾಗಲಿ ಹಳ್ಳಕ್ಕಾಗಲಿ ಬೀಳಬಾರದು ಎಂಬುದು ಅದರ ತಿರುಳು. ದೂರು ಹೋದರೆ ಪಾಲಿಕೆಯವರು ಮೊದಲು ನೋಡುವುದು ನಿಮ್ಮ ಕೊಟ್ಟಿಗೆಯ ಮೋರಿಯನ್ನು. ಅವರು ಬರುವ ಮೊದಲೇ ಅದು ಹಳ್ಳಕ್ಕೆ ತೆರೆದಿರಬಾರದು. ನಿಮಗೆ ಇನ್ನೊಂದು ಕಾರಣವೂ ಇದೆ. ಕಾತ್ರಜದ ಕೆರೆಯಿಂದ ಹೊರಡುವ ಆಂಬಿಲ ಓಢಾ ಎಂಬ ಹಳ್ಳ ಮುಠಾ ನದಿಯನ್ನು ಸೇರುತ್ತದೆ, ಮುಳಾ ಮುಠಾ ಭೀಮೆಯನ್ನು ಸೇರುತ್ತದೆ, ಭೀಮೆ ಉಜನಿ ಜಲಾಶಯ ದಾಟಿ ಅಫಜಲಪುರಕ್ಕೆ ಬಂದು ಸೊನ್ನ ಬ್ಯಾರೇಜಿನಲ್ಲಿ ನಿಲ್ಲುತ್ತದೆ. ಗಾಣಗಾಪುರದ ಸಂಗಮದಲ್ಲಿ ನಿಮ್ಮ ತವರಿನವರು ಮುಳುಗೇಳುವುದು ಅದೇ ನೀರಿನಲ್ಲಿ. ಉಜನಿಯ ಹಿನ್ನೀರು ಬೇಸಿಗೆಯಲ್ಲಿ ಹಸಿರುಗಟ್ಟುವುದನ್ನು ಭಿಗವಣಕ್ಕೆ ಹಕ್ಕಿ ನೋಡಲು ಹೋದವರೆಲ್ಲ ಕಂಡಿದ್ದಾರೆ. ಕೊಟ್ಟಿಗೆಯೊಂದರ ಮೋರಿ ಮುಚ್ಚಿದರೆ ಉಜನಿ ತಿಳಿಯಾಗಿಬಿಡುತ್ತದೆ ಎಂದು ನಾನು ಹೇಳಲಾರೆ. ಆದರೆ ನೀರಿನ ಹಾದಿ ಗೊತ್ತಿದ್ದವರಿಗೆ ಕೆಲಸದ ಕಾರಣ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ.

ಈಗ ಹಣದ ವಿಷಯ. ಇಲ್ಲಿ ನಿಮಗೆ ಯಾರೂ ಸ್ಪಷ್ಟವಾಗಿ ಹೇಳಿರಲಿಕ್ಕಿಲ್ಲದ ಒಂದು ಮಾತಿದೆ. 'ಹಳ್ಳಕ್ಕೆ ಗೊಬ್ಬರ ಹೋಗದಂತೆ ತಡೆದಿರಿ, ತಗೊಳ್ಳಿ ಹಣ' ಎಂದು ಸಣ್ಣ ರೈತನ ಕೈಗೆ ಕೊಡುವಂಥ ಯೋಜನೆಯನ್ನು ನಾನಂತೂ ಕಂಡಿಲ್ಲ. ಇರುವ ಹಣವೆಲ್ಲ ಬೇರೆ ಹೆಸರುಗಳಲ್ಲಿ ಹರಿದು ಹಂಚಿಹೋಗಿದೆ. ನೀರಿನ ಉಳಿತಾಯಕ್ಕೆಂದು ಡ್ರಿಪ್, ಇಂಧನಕ್ಕೆಂದು ಗೋಬರ್ ಗ್ಯಾಸ್, ಸಾವಯವಕ್ಕೆಂದು ಗುಂಪು ಯೋಜನೆ. ನೀವು ಕೆರೆಯ ಹೆಸರು ಹೇಳಿ ಕೃಷಿ ಕಚೇರಿಗೆ ಹೋದರೆ ಪಾಲಿಕೆಗೆ ಹೋಗಿ ಅನ್ನುತ್ತಾರೆ, ಪಾಲಿಕೆಗೆ ಹೋದರೆ ಕೃಷಿ ಕಚೇರಿಗೆ ಹೋಗಿ ಅನ್ನುತ್ತಾರೆ. ಆದ್ದರಿಂದ ಬಾಗಿಲ ಮೇಲೆ ಯಾವ ಹೆಸರಿದೆಯೋ ಆ ಹೆಸರು ಹೇಳಿಯೇ ಬಾಗಿಲು ತಟ್ಟಬೇಕು.

ಎರಡನೆಯ ತೊಡಕು ನಿಮ್ಮದೇ ಜಾಗದ್ದು. ಹಳ್ಳಿ ಪಾಲಿಕೆಗೆ ಸೇರಿದಾಗ ಗ್ರಾಮ ಪಂಚಾಯಿತಿ ಹೋಯಿತು, ಅದರೊಂದಿಗೆ ಕೆಲವು ಬಾಗಿಲು ಮುಚ್ಚಿದವು. ಗೊಬ್ಬರದ ಗುಂಡಿ, ಬದು, ಕೃಷಿಹೊಂಡಗಳನ್ನು ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಯಲ್ಲಿ ಮಾಡಿಸಿಕೊಳ್ಳುತ್ತಾರೆ. ಅದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನದಲ್ಲಿ ಎಕರೆಗೆ ವರ್ಷಕ್ಕೆ 4,000 ರೂಪಾಯಿಯಂತೆ ಎರಡು ವರ್ಷ ಪ್ರೋತ್ಸಾಹಧನವಿದೆ, ಆದರೆ ಅದರ 15,000 ಗುಂಪುಗಳನ್ನು ಕಟ್ಟುತ್ತಿರುವುದು ಗ್ರಾಮ ಪಂಚಾಯಿತಿಗಳಲ್ಲಿ. ಪರಂಪರಾಗತ ಕೃಷಿ ವಿಕಾಸ ಯೋಜನೆಗೆ ಸುಮಾರು 20 ಹೆಕ್ಟೇರಿನ ಗುಂಪು ಬೇಕು, ಮೂರು ವರ್ಷಕ್ಕೆ ಹೆಕ್ಟೇರಿಗೆ 31,500 ರೂಪಾಯಿಯ ನೆರವು, ಅದರಲ್ಲಿ ರೈತರ ಖಾತೆಗೆ ಬರುವುದು 15,000. ನಿಮ್ಮ ಎರಡು ಎಕರೆ ಒಂದಕ್ಕೇ ಅದು ಸಿಗದು. ಈ ಹೆಸರುಗಳನ್ನು ಕೇಳಿ ಆಸೆಪಟ್ಟು ಅಲೆಯಬೇಡಿ. ತವರಿನ ಅಣ್ಣತಮ್ಮಂದಿರಿಗೆ ಬೇಕಾದರೆ ತಿಳಿಸಿ, ಅವರಿಗೆ ಪಂಚಾಯಿತಿ ಇದೆ. ಕರ್ನಾಟಕದಲ್ಲಿ ಎರಡು ಹೆಕ್ಟೇರ್‌ವರೆಗೆ ಡ್ರಿಪ್ಪಿಗೆ ಶೇ. 90 ಸಹಾಯಧನವೂ ಇದೆ.

ನಿಮಗೆ ತೆರೆದಿರುವ ಬಾಗಿಲು ಡ್ರಿಪ್. ಸಾತ್ ಬಾರಾ ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ಜಮೀನು ಕೃಷಿಯದೆಂದೇ ಇದ್ದು, ಬಾವಿ ಅಥವಾ ಬೋರ್ ನಮೂದಾಗಿದ್ದರೆ, 'ಪರ್ ಡ್ರಾಪ್ ಮೋರ್ ಕ್ರಾಪ್' ಯೋಜನೆಯಲ್ಲಿ ಸಣ್ಣ ರೈತರಿಗೆ ಶೇ. 55, ಅದರ ಮೇಲೆ ಮಹಾರಾಷ್ಟ್ರ ಸರ್ಕಾರದ ಶೇ. 25 ಸೇರಿ ನಿಗದಿತ ವೆಚ್ಚದ ಶೇ. 80ರಷ್ಟು ಬರುತ್ತದೆ. ಡ್ರಿಪ್ಪಿನಲ್ಲಿ ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಬೇರಿಗೇ ಕೊಡಬಹುದು, ಎರಚಿ ತೊಳೆದುಹೋಗುವ ನಷ್ಟ ತಪ್ಪುತ್ತದೆ. ಅರ್ಜಿ ಮಹಾಡಿಬಿಟಿ ಪೋರ್ಟಲ್ಲಿನಲ್ಲಿ. 2025ರ ಏಪ್ರಿಲಿನಿಂದ ಮಹಾರಾಷ್ಟ್ರದಲ್ಲಿ ಕೃಷಿ ಯೋಜನೆಗಳಿಗೆ ಫಾರ್ಮರ್ ಐಡಿ ಕಡ್ಡಾಯ, ಅದನ್ನು ಮೊದಲು ಮಾಡಿಸಿಕೊಳ್ಳಿ. ಹೊಲ ಮಾವನವರ ಹೆಸರಿನಲ್ಲೇ ಇದ್ದರೆ ಇಡೀ ಕೆಲಸ ಅಲ್ಲೇ ನಿಲ್ಲುತ್ತದೆ, ವಾರಸಾ ನೋಂದಣಿ ಆಗಿದೆಯೇ ಎಂದು ಇವತ್ತೇ ತಲಾಠಿ ಕಚೇರಿಯಲ್ಲಿ ವಿಚಾರಿಸಿ.

ಒಂದು ಮಾತನ್ನು ಕೆಂಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಡ್ರಿಪ್ಪಿಗೆ ಕೃಷಿ ಇಲಾಖೆಯ ಪೂರ್ವಸಮ್ಮತಿ ಪತ್ರ ಕೈಗೆ ಬರುವ ಮೊದಲು ಒಂದು ಅಡಿ ಪೈಪನ್ನೂ ಕೊಳ್ಳಬೇಡಿ. ಮೊದಲೇ ಕೊಂಡು ಆಮೇಲೆ ಅರ್ಜಿ ಹಾಕಿದವರ ಬಿಲ್ಲು ತಿರಸ್ಕಾರವಾಗುತ್ತದೆ. ಸಮ್ಮತಿ ಬಂದ ಮೇಲೆ ನೋಂದಾಯಿತ ಕಂಪನಿಯಿಂದ ಜಿಎಸ್‌ಟಿ ಬಿಲ್ಲಿನೊಂದಿಗೆ ಕೊಳ್ಳಬೇಕು, ಹಾಕಿಸಬೇಕು, ಕೃಷಿ ಸಹಾಯಕರು ಬಂದು ನೋಡಬೇಕು, ಅನಂತರ ಹಣ. ಆ 'ಅನಂತರ' ಕೆಲವು ತಿಂಗಳೂ ಆಗಬಹುದು. ನಮ್ಮ ಸಬ್ಸಿಡಿಗಳ ದೊಡ್ಡ ದೋಷ ಇದೇ. ಕೈಯಲ್ಲಿ ಹಣ ಇದ್ದವನಿಗೆ ಅವು ಸಿಗುತ್ತವೆ, ಹಣವಿಲ್ಲ ಎಂದೇ ಸಬ್ಸಿಡಿ ಬೇಕಾದವನು ನಡುವಿನ ತಿಂಗಳುಗಳಲ್ಲಿ ಸಾಲಕ್ಕೆ ಬೀಳುತ್ತಾನೆ. ನಿಮ್ಮ ಪಾಟಲಿ ಅಡವಿಗೆ ಹೋಗುವುದು ಅಲ್ಲಿಯೇ. ಆ ನಡುವಿನ ಹಣಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ, ಈಗ ಅದು ಪಶುಪಾಲನೆಗೂ ಇದೆ. ಹೊತ್ತಿಗೆ ಸರಿಯಾಗಿ ತೀರಿಸಿದರೆ ಬಡ್ಡಿ ಶೇ. 4ಕ್ಕೆ ಇಳಿಯುತ್ತದೆ. ಅದೂ ಸಿಗದಿದ್ದರೆ ಡ್ರಿಪ್ ಈ ವರ್ಷ ಬೇಡ, ಮುಂದಿನ ವರ್ಷ ಮಾಡಿ.

ಗೋಬರ್ ಗ್ಯಾಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ತಪ್ಪು ತಿಳಿವಳಿಕೆ ಬಹಳ. ಒಂದು ಎಮ್ಮೆ ದಿನಕ್ಕೆ ಹದಿಮೂರು ಹದಿನೈದು ಕಿಲೋ ಸಗಣಿ ಹಾಕುತ್ತದೆ ಎಂದರೆ ಆರಕ್ಕೆ ಹೆಚ್ಚುಕಡಿಮೆ ಎಂಬತ್ತು ಕಿಲೋ. ಒಂದು ಘನ ಮೀಟರ್ ಗ್ಯಾಸಿಗೆ ಇಪ್ಪತ್ತೈದು ಕಿಲೋ ಸಗಣಿ ಬೇಕು, ಹಾಗಾಗಿ ಮೂರು ಘನ ಮೀಟರಿನ ಘಟಕ ನಿಮಗೆ ಸರಿಹೊಂದುತ್ತದೆ. ಅಷ್ಟು ಗ್ಯಾಸು ದಿನಕ್ಕೆ ಒಂದೂಕಾಲು ಕಿಲೋ ಎಲ್‌ಪಿಜಿಗೆ ಸಮ. ಚಳಿಗಾಲದಲ್ಲಿ ಕಡಿಮೆಯಾದರೂ ಮನೆಯ ಸಿಲಿಂಡರ್ ಖರ್ಚು ಉಳಿಯುತ್ತದೆ. ಕೇಂದ್ರದ ಜೈವಿಕ ಅನಿಲ ಕಾರ್ಯಕ್ರಮದಲ್ಲಿ ಎರಡರಿಂದ ನಾಲ್ಕು ಘನ ಮೀಟರ್ ಘಟಕಕ್ಕೆ ನಮ್ಮ ಕಡೆ 14,350 ರೂಪಾಯಿ ನಿಗದಿಯಾಗಿತ್ತು. ಅದು ಖರ್ಚಿನ ಒಂದು ಪಾಲು ಮಾತ್ರ. ಕಾರ್ಯಕ್ರಮದ ಅವಧಿ 2025-26ರವರೆಗೆ ಎಂದು ರೂಪಿಸಿದ್ದು, ಮುಂದುವರಿದ ಆದೇಶ ಕೈಯಲ್ಲಿ ನೋಡಿಯೇ ಹೆಜ್ಜೆ ಇಡಿ. ಹಳ್ಳಿಗಳಲ್ಲಿ ಇದನ್ನು ನೋಡಿಕೊಳ್ಳುವುದು ಜಿಲ್ಲಾ ಪರಿಷತ್ತಿನ ಕೃಷಿ ವಿಭಾಗ, ನೀವು ಪಾಲಿಕೆಯವರಾದ್ದರಿಂದ ಅಲ್ಲಿ 'ನಮ್ಮ ವ್ಯಾಪ್ತಿಯಲ್ಲ' ಎಂಬ ಉತ್ತರ ಬರಬಹುದು. ಹಾಗೆ ಹೇಳಿದರೆ ಬರವಣಿಗೆಯಲ್ಲಿ ಪಡೆಯಿರಿ. ಆ ಕಾಗದ ಮುಂದೆ ಉಪಯೋಗಕ್ಕೆ ಬರುತ್ತದೆ.

ಆದರೆ ಗ್ಯಾಸ್ ಘಟಕ ಸಗಣಿಯಿಂದ ತೆಗೆಯುವುದು ಇಂಗಾಲವನ್ನು. ಸಾರಜನಕ, ರಂಜಕ ಹೆಚ್ಚುಕಡಿಮೆ ಪೂರ್ತಿಯಾಗಿ ಘಟಕದಿಂದ ಹೊರಬೀಳುವ ಸಗಣಿ ರಾಡಿಯಲ್ಲಿ, ಅಂದರೆ ಸ್ಲರಿಯಲ್ಲಿ, ಉಳಿದು ಬರುತ್ತವೆ, ಅದೂ ನೀರಿಗೆ ಸುಲಭವಾಗಿ ಬೆರೆಯುವ ರೂಪದಲ್ಲಿ. ಘಟಕ ಕಟ್ಟಿ ಸ್ಲರಿಯನ್ನು ಹಳ್ಳಕ್ಕೆ ಬಿಟ್ಟರೆ ಸರ್ಕಾರದ ದುಡ್ಡೂ ನಿಮ್ಮ ದುಡ್ಡೂ ಸೇರಿ ಕೆರೆಗೆ ಮೊದಲಿಗಿಂತ ಚುರುಕಾದ ಗೊಬ್ಬರ ಕೊಟ್ಟಂತೆ. ಸ್ಲರಿಗೆ ಜಾಗ ಇದ್ದರೆ ಮಾತ್ರ ಘಟಕ. ನಿಮಗೆ ಎರಡು ಎಕರೆ ಇದೆ, ಎಕರೆಗೆ ಐದಾರು ಟನ್ ಕಳಿತ ಗೊಬ್ಬರ ಸೊಪ್ಪಿನ ಹೊಲ ಸುಲಭವಾಗಿ ನುಂಗುತ್ತದೆ, ಆದ್ದರಿಂದ ಒಪ್ಪುತ್ತೇನೆ. ಹೊಲವಿಲ್ಲದೆ ಹದಿನೈದು ಇಪ್ಪತ್ತು ಎಮ್ಮೆ ಕಟ್ಟಿದವರಿಗೆ ಈ ಸಲಹೆ ಕೊಡುತ್ತಿರಲಿಲ್ಲ. ಗುಜರಾತಿನ ಆಣಂದ್ ಜಿಲ್ಲೆಯ ಝಕರಿಯಾಪುರದಲ್ಲಿ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರು ಮನೆಮನೆಗೆ ಸಣ್ಣ ಘಟಕ ಹಾಕಿಸಿ, ಮಿಕ್ಕ ಸ್ಲರಿಯನ್ನು ಹೆಂಗಸರ ಸಂಘದ ಮೂಲಕ ಮಾರಾಟ ಮಾಡಿಸಿದರು. ಹಾಲಿನ ಹಾಗೇ ಸ್ಲರಿಗೂ ಹಣ. ನಿಮ್ಮ ಸುತ್ತ ಎಮ್ಮೆ ಕಟ್ಟಿದ ಏಳೆಂಟು ಮನೆಗಳಿದ್ದರೆ ಒಟ್ಟಾಗಿ ಜಿಲ್ಲಾ ಹಾಲು ಒಕ್ಕೂಟದ ಬಾಗಿಲಿಗೆ ಹೋಗಿ ಈ ಮಾದರಿ ಹೇಳಿ. ಒಬ್ಬರೇ ಹೋದರೆ ಕೇಳುವವರಿಲ್ಲ.

ನಿಮ್ಮ ಯಜಮಾನರು ಲೆಕ್ಕದ ಮನುಷ್ಯರಂತೆ ಕಾಣುತ್ತಾರೆ. ಅವರೊಡನೆ ಕೂತು ಈ ಲೆಕ್ಕ ನೋಡಿ. 45 ಕಿಲೋ ಯೂರಿಯಾ ಚೀಲ ನಿಮಗೆ ಸಿಗುವುದು 266 ರೂಪಾಯಿ 50 ಪೈಸೆಗೆ. ಅದರ ನಿಜವಾದ ವೆಚ್ಚ ಎರಡು ಸಾವಿರ ರೂಪಾಯಿಗಿಂತ ಹೆಚ್ಚು, ಉಳಿದದ್ದು ಸರ್ಕಾರದ ಸಬ್ಸಿಡಿ. ಆ ಚೀಲದಲ್ಲಿರುವ ಸಾರಜನಕ ಸುಮಾರು ಇಪ್ಪತ್ತೊಂದು ಕಿಲೋ. ಅಷ್ಟೇ ಸಾರಜನಕಕ್ಕೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಹೊರಬೇಕು. ನಾಲ್ಕು ಟನ್ ಹೊತ್ತು ಹಾಕುವ ಕೂಲಿಯ ಮುಂದೆ 266 ರೂಪಾಯಿ ಯಾರಿಗಾದರೂ ಅಗ್ಗವೇ. ಅದಕ್ಕೇ ಸಗಣಿಗೆ ಬೆಲೆ ಹೋಯಿತು, ಬೆಲೆ ಹೋದ ವಸ್ತು ಹಳ್ಳಕ್ಕೆ ಹೋಯಿತು. ಇದು ನಿಮ್ಮ ಮನೆಯ ಸೋಮಾರಿತನವಲ್ಲ, ನೀತಿಯ ಫಲ. ರಾಸಾಯನಿಕ ಗೊಬ್ಬರ ಕಡಿಮೆ ಮಾಡಿದ ರಾಜ್ಯಗಳಿಗೆ ಉಳಿದ ಸಬ್ಸಿಡಿಯ ಅರ್ಧವನ್ನು ಕೊಡುವ ಪಿಎಂ ಪ್ರಣಾಮ್ ಯೋಜನೆಯನ್ನು 2023ರಲ್ಲಿ ತಂದರು. ಆ ಹಣ ಹೋಗುವುದು ರಾಜ್ಯಕ್ಕೆ, ನಿಮ್ಮ ಖಾತೆಗಲ್ಲ. ಗೋಬರ್‌ಧನ್ ಯೋಜನೆಯ ಜೈವಿಕ ಅನಿಲ ಘಟಕಗಳ ಸಾವಯವ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವೂ ಅದೇ ವರ್ಷದ್ದು, ಅದು ದೊಡ್ಡ ಘಟಕಗಳಿಗೆ. ಯೂರಿಯಾ ಚೀಲದ ಮೇಲೆ ಸರ್ಕಾರ ಹಾಕುವ ಹಣದ ಒಂದಂಶವನ್ನು ಸಗಣಿಯನ್ನು ಹೊಲಕ್ಕೆ ಹೊರುವ ಕೂಲಿಗೆ ಹಾಕಿದ್ದರೆ ನಿಮ್ಮಂಥವರ ಮನೆಯಲ್ಲಿ ಈ ಜಗಳವೇ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವೊಂದೇ ಇಲ್ಲ. ರಂಜಕ, ಪೊಟ್ಯಾಶ್, ಸತು ಇವೆ, ಮಣ್ಣನ್ನು ಹಿಡಿದಿಡುವ ಇಂಗಾಲ ಇದೆ. ನಿಮ್ಮ ಹೊಲದಲ್ಲಿ ವರ್ಷಗಳಿಂದ ಡಿಎಪಿ ಬಿದ್ದಿದ್ದರೆ ರಂಜಕ ಈಗಾಗಲೇ ಸಾಕಷ್ಟು ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ. ಎಂಟು ಹತ್ತು ಕಡೆ ಗೇಣುದ್ದ ಆಳಕ್ಕೆ ಅಗೆದು, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕೃಷಿ ಸಹಾಯಕರಿಗೆ ಕೊಟ್ಟರೆ ಮಣ್ಣು ಆರೋಗ್ಯ ಕಾರ್ಡ್ ಸಿಗುತ್ತದೆ. ರಂಜಕ ಹೆಚ್ಚು ಎಂದು ಬಂದರೆ 1,350 ರೂಪಾಯಿಯ ಡಿಎಪಿ ಚೀಲ ಆ ಹಂಗಾಮಿಗೆ ಬೇಡವೇ ಬೇಡ. ಕೆರೆಗಾಗಿ ಮಾಡುವ ಕೆಲಸಗಳಲ್ಲಿ ತಕ್ಷಣ ಹಣ ಉಳಿಸುವುದು ಇದೊಂದು.

ಮಿರಗಕ್ಕೆ ಮುಂಚೆ ಮಾಡಬೇಕಾದ ಕೆಲಸಕ್ಕೆ ಯಾವ ಸಬ್ಸಿಡಿಯೂ ಬೇಕಾಗಿಲ್ಲ. ನೀರು ಬಿಡುವ ಮೊದಲು ಸಲಿಕೆಯಿಂದ ಸಗಣಿ ಬಾಚಿ ತೆಗೆಯಿರಿ. ನೀರಿಲ್ಲದೆ ಬಾಚಿ ಆಮೇಲೆ ತೊಳೆದರೆ ಅರ್ಧ ನೀರು ಸಾಕು, ಆ ನೀರಿನಲ್ಲಿ ಸಗಣಿಯೂ ಕಡಿಮೆ. ಗಂಜಲದ ಮೋರಿಯನ್ನು ಹಳ್ಳದ ಕಡೆಯಿಂದ ತಿರುಗಿಸಿ ಮೇವಿನ ಪಾತಿಗೆ ಬಿಡಿ. ತಿಪ್ಪೆ ಈಗ ಹಳ್ಳದ ಪಕ್ಕದಲ್ಲಿದ್ದರೆ ಎತ್ತಿ ಹೊಲದ ಎತ್ತರದ ಮಗ್ಗುಲಿಗೆ ಒಯ್ಯಿರಿ, ಸುತ್ತ ಮೊಳಕಾಲೆತ್ತರದ ಮಣ್ಣಿನ ಒಡ್ಡು ಹಾಕಿ, ಮಳೆಗಾಲದುದ್ದಕ್ಕೂ ತಾಡಪತ್ರಿ ಹೊದಿಸಿ. ಮಳೆಯಲ್ಲಿ ನೆನೆದ ತಿಪ್ಪೆಯಿಂದ ಇಳಿಯುವ ಕಂದು ರಸದಲ್ಲೇ ಗೊಬ್ಬರದ ಸತ್ವ ಇರುವುದು. ಹಳ್ಳದ ಗುಂಟ ನಿಮ್ಮದೇ ಜಮೀನಿನಲ್ಲಿ ಎರಡು ಮೂರು ಮೀಟರ್ ಅಗಲ ನೇಪಿಯರ್ ಹುಲ್ಲು ಹಚ್ಚಿ. ಸರ್ಕಾರಿ ಹಳ್ಳದ ಜಾಗಕ್ಕೆ ಕಾಲಿಡಬೇಡಿ, ಅದು ಬೇರೆ ತಕರಾರು. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ ಓಢಾ ಉಕ್ಕಿ ಜೀವಗಳು ಹೋದ ಮೇಲೆ ಹಳ್ಳದ ಅಂಚಿನ ಯಾವ ಒತ್ತುವರಿಯನ್ನೂ ಯಾರೂ ಸಹಿಸರು. ಹೊಲದಿಂದ ಇಳಿಯುವ ನೀರನ್ನು ಹುಲ್ಲು ತಡೆದು ನಿಲ್ಲಿಸುತ್ತದೆ, ಮಣ್ಣು ಅಲ್ಲೇ ಕೂರುತ್ತದೆ, ಕರಗಿದ ಸಾರಜನಕವನ್ನು ಬೇರು ಕುಡಿಯುತ್ತದೆ, ಕೊಯ್ದ ಹುಲ್ಲು ಎಮ್ಮೆಗೆ. ಬೇರೆ ಕೆಲವು ದೇಶಗಳಲ್ಲಿ ಇಂಥ ಪಟ್ಟಿಗೆ ಬಿಟ್ಟ ನೆಲಕ್ಕೆ ಸರ್ಕಾರ ಬಾಡಿಗೆ ಕೊಡುತ್ತದೆ, ಮೇವು ಕೊಳ್ಳುವ ನಿಮಗೆ ಅದು ಮೇವಾಗಿಯೇ ಹಣ ಕೊಡುತ್ತದೆ. ಮೋಡ ಕಟ್ಟಿದ ದಿನ ಯೂರಿಯಾ ಚೀಲ ಬಿಚ್ಚಬೇಡಿ.

ಇಷ್ಟು ನಿಮ್ಮ ಪಾಲು. ಇನ್ನು ಕೆರೆಯ ಪಾಲು ಕೇಳುವುದು.

ಪೇಶ್ವೆ ನಾನಾಸಾಹೇಬರು 1750ರ ಹೊತ್ತಿಗೆ ಕಾತ್ರಜದಲ್ಲಿ ಕೆರೆ ಕಟ್ಟಿಸಿ ಶನಿವಾರವಾಡೆಯವರೆಗೆ ನೆಲದಡಿಯ ಕಾಲುವೆಯಲ್ಲಿ ನೀರು ಒಯ್ದರು. ಪುಣೆ ಪೇಟೆ ಈ ಬೆಟ್ಟದ ಬುಡದ ನೀರು ಕುಡಿದಿದೆ. ಈಗ ನಗರ ಇಲ್ಲಿ ಮಾಡುವ ಖರ್ಚೆಂದರೆ ಜಲಪರ್ಣಿ ತೆಗೆಸುವುದು, ಹೂಳು ಎತ್ತಿಸುವುದು. ಕೆಳಗೆ ತೆಗೆಸುತ್ತಲೇ ಇರುವ ಬದಲು ಮೇಲೆ ತಡೆಯಲು ಹಣ ಹಾಕಬೇಕೆಂಬುದು ಹೊಸ ಮಾತಲ್ಲ. ಚಂಡೀಗಢದ ಸುಖನಾ ಕೆರೆಯನ್ನು 1958ರಲ್ಲಿ ಕಟ್ಟಿದರು. ಹೂಳು ತುಂಬತೊಡಗಿತು. ಮಣ್ಣು ಬರುತ್ತಿದ್ದದ್ದು ಮೇಲಿನ ಶಿವಾಲಿಕ್ ಗುಡ್ಡಗಳಿಂದ, ಸುಖೋಮಾಜ್ರಿ ಹಳ್ಳಿಯ ದನ ಮೇದ ಇಳಿಜಾರುಗಳಿಂದ. ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ. ಆರ್. ಮಿಶ್ರಾ ಎಪ್ಪತ್ತರ ದಶಕದಲ್ಲಿ ಆ ಹಳ್ಳಿಗರನ್ನು ಬೈಯಲಿಲ್ಲ. ಅವರ ಹೊಲಗಳಿಗೆ ನೀರು ಸಿಗುವಂತೆ ಮೇಲೆ ಸಣ್ಣ ಒಡ್ಡು ಕಟ್ಟಿಸಿದರು, ಹೊಲವಿಲ್ಲದವರಿಗೂ ನೀರಿನಲ್ಲಿ ಸಮಪಾಲು ಸಿಕ್ಕಿತು. ಹಳ್ಳಿಯವರು ತಾವಾಗಿಯೇ ಗುಡ್ಡಕ್ಕೆ ದನ ಬಿಡುವುದನ್ನು ನಿಲ್ಲಿಸಿದರು. ಕೆರೆಗೆ ಬರುವ ಹೂಳು ಇಳಿಯಿತು.

ನ್ಯೂಯಾರ್ಕ್ ನಗರದ ಕುಡಿಯುವ ನೀರು ಬರುವುದು ಕ್ಯಾಟ್ಸ್‌ಕಿಲ್ ಬೆಟ್ಟಗಳಿಂದ. ಅಲ್ಲಿ ಹಸು ಸಾಕುವ ರೈತರಿದ್ದಾರೆ. ತೊಂಬತ್ತರ ದಶಕದಲ್ಲಿ ನೀರು ಶೋಧಿಸುವ ಸ್ಥಾವರ ಕಟ್ಟಬೇಕು ಎಂದಾಗ ಅದರ ಖರ್ಚಿನ ಅಂದಾಜು ನೂರಾರು ಕೋಟಿ ಡಾಲರ್. ಅದರ ಬದಲು ನಗರ ಮೇಲಿನ ರೈತರೊಡನೆ ಮಾತಿಗೆ ಕೂತಿತು. ಸಗಣಿ ಗುಂಡಿ, ಹಳ್ಳದ ಬೇಲಿ, ಕೊಟ್ಟಿಗೆಯ ಮೋರಿ, ಇವುಗಳ ಖರ್ಚು ನಗರದ್ದು. ರೈತರು ಸೇರುವುದು ಕಡ್ಡಾಯವಲ್ಲ, ಆದರೆ ಐದು ವರ್ಷದಲ್ಲಿ ಶೇ. 85 ರೈತರು ಸೇರಬೇಕೆಂಬ ಗುರಿ. ಸೇರಿದರು. ನೀರಿನ ಬಿಲ್ಲು ಕಟ್ಟುವ ಪಟ್ಟಣಿಗನ ಹಣ ಬೆಟ್ಟದ ಕೊಟ್ಟಿಗೆಯ ಮೋರಿ ತಿರುಗಿಸಲು ಹೋಯಿತು. ನಿಮ್ಮ ಯಜಮಾನರ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ ಅದು.

ಇದನ್ನು ಇಲ್ಲಿ ಕೇಳುವವರು ಬೇಕು, ಮತ್ತು ನೀವೊಬ್ಬರೇ ಕೇಳಬಾರದು. ಸೊಸೈಟಿಯವರಿಗೆ ಕೆರೆ ಬೇಕು, ನಿಮಗೆ ಸಗಣಿ ಗುಂಡಿ ಬೇಕು. ಒಂದೇ ಅರ್ಜಿಯಲ್ಲಿ ಎರಡೂ ಬರೆಯಿರಿ: ಒಳಚರಂಡಿ ಪೈಪು ಬೇಗ ಹಾಕಿ, ಕೆರೆಗೆ ಇಡುವ ಹಣದಲ್ಲಿ ಒಂದು ಪಾಲನ್ನು ಮೇಲಿನ ಕೊಟ್ಟಿಗೆಗಳ ಸಗಣಿ ಗುಂಡಿಗೂ ಹಳ್ಳದ ಗುಂಟದ ಹುಲ್ಲಿನ ಪಟ್ಟಿಗೂ ಇಡಿ. ಜಿಲ್ಲಾ ಪರಿಷತ್ತು 'ವ್ಯಾಪ್ತಿಯಲ್ಲ' ಎಂದು ಬರೆದುಕೊಟ್ಟ ಕಾಗದವನ್ನು ಇದಕ್ಕೆ ಲಗತ್ತಿಸಿ. ಹಳ್ಳಿಯ ಯೋಜನೆ ತಪ್ಪಿದ್ದು ಪಾಲಿಕೆಗೆ ಸೇರಿದ್ದರಿಂದ ಎಂದಮೇಲೆ, ಆ ಜವಾಬ್ದಾರಿ ಪಾಲಿಕೆಯದೇ ಎಂಬುದಕ್ಕೆ ಅದು ಸಾಕ್ಷಿ. ಅರ್ಜಿ ಮರಾಠಿಯಲ್ಲಿರಲಿ, ನಿಮ್ಮ ಮಗ ಬರೆಯಲಿ, ಮೇಲೆ ಸಹಿ ನಿಮ್ಮದೂ ಸೊಸೈಟಿಯ ಅಧ್ಯಕ್ಷರದೂ ಇರಲಿ, ವಾರ್ಡ್ ಕಚೇರಿಯಲ್ಲಿ ಆವಕ ಶಿಕ್ಕಾ (ಸ್ವೀಕೃತಿ ಮೊಹರು) ಹಾಕಿಸಿಕೊಳ್ಳಿ. ಮೊದಲ ಸಲವೇ ಹಣ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ದೂರು ಕೊಡಲು ಹೊರಟಿದ್ದವರು ನಿಮ್ಮ ಜೊತೆ ಅರ್ಜಿಗೆ ಸಹಿ ಹಾಕಿದರೆ, ಅಲ್ಲಿಗೇ ನಿಮ್ಮ ಅರ್ಧ ಚಿಂತೆ ಕಳೆಯಿತು.

ಎಮ್ಮೆ ಮಾರುವ ಮಾತು ಈ ವರ್ಷ ಬೇಡ. ಮಗನಿಗೆ ಒಂದು ವಹಿ ಕೊಡಿ. ಯೂರಿಯಾ, ಡಿಎಪಿ, ಮೇವು, ಸಿಲಿಂಡರ್ ಇವುಗಳ ಖರ್ಚು ಮಿರಗದಿಂದ ದೀಪಾವಳಿಯವರೆಗೆ ಅವನೇ ಬರೆಯಲಿ, ಹಾಲಿನ ಜಮೆಯನ್ನೂ ಬರೆಯಲಿ. ಹೋದ ವರ್ಷದ ಅಂಗಡಿ ಚೀಟಿಗಳಿದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಲಿ. ಸಗಣಿ ಹೊಲಕ್ಕೆ ಹೋದ ಮೇಲೆ ಎಮ್ಮೆಗಳ ಲೆಕ್ಕ ಬೇರೆಯಾಗಿ ಕಾಣುತ್ತದೆ ಎಂದು ನನಗನ್ನಿಸುತ್ತದೆ. ಕಾಣದಿದ್ದರೆ, ಮಾರುವ ನಿರ್ಧಾರವನ್ನು ನೀವು ಮೂವರೂ ಆ ವಹಿ ಮುಂದಿಟ್ಟುಕೊಂಡು ಮಾಡಿ. ಆಗ ಬರೆಯಿರಿ, ಆರರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದನ್ನೂ ಸೇರಿಸಿ ಮಾತಾಡೋಣ.